ಹನ್ನೆರಡು ಪರ್ಸೆಂಟ್

ಭಾನುವಾರ ಬೆಳಿಗ್ಗೆ ಆರು ಗಂಟೆಗೆ, ಇನ್ನೂ ಮುಖ ತೊಳೆಯುವ ಮೊದಲೇ, ಸಿದ್ರಾಮ ಹೊರಗೆ ಬಂದು ತನ್ನ ಕರೆಂಟ್ ಸ್ಕೂಟರಿನ ಕೀಲಿ ತಿರುವಿದ. ಮೀಟರಿನಲ್ಲಿ ಹನ್ನೆರಡು ಪರ್ಸೆಂಟ್ ಎಂದು ಮೂಡಿತು. ಕೀಲಿ ಹಿಂದಕ್ಕೆ ತಿರುವಿದ, ಕಣ್ಣುಜ್ಜಿಕೊಂಡ, ಮತ್ತೆ ತಿರುವಿದ. ಹನ್ನೆರಡೇ.

ಹಿಂದಿನ ಸಂಜೆ ಎಂಟಕ್ಕೆ ಡ್ಯೂಟಿ ಮುಗಿಸಿ ಬಂದು ಚಾರ್ಜಿಗೆ ಹಾಕಿದಾಗಲೂ ಹನ್ನೆರಡೇ ಇತ್ತು. ಸ್ವಿಚ್ಚು ಹಾಕಿದ್ದು ಹಾಕಿದಂತೆಯೇ ಇದೆ, ಪಿನ್ನು ಚುಚ್ಚಿದ್ದು ಚುಚ್ಚಿದಂತೆಯೇ ಇದೆ. ಹತ್ತು ತಾಸು ಕರೆಂಟು ಉಂಡ ಗಾಡಿ ಏಕಾದಶಿ ಉಪವಾಸದ ಮುದುಕಿಯ ಹಾಗೆ ಬಾಡಿದ ಮುಖ ಮಾಡಿಕೊಂಡು ನಿಂತಿತ್ತು.

"ಸವಿತಾ, ಗಾಡಿ ಚಾರ್ಜ್ ಏರಿಲ್ಲ," ಎಂದು ಒಳಗೆ ಹೆಂಡತಿಗೆ ಕೂಗಿ ಹೇಳಿದ.

ಸವಿತಾ ಐದು ಗಂಟೆಗೇ ಎದ್ದು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಕೈ ನಿಲ್ಲಿಸದೆ, "ಏರದಿದ್ರ ಬಿಡ್ರಿ. ಆಟೋದಾಗ ಹೋಗಿ ಅಕ್ಕಾರನ್ನ ಕರ್ಕೊಂಡು ಬರ್ರಿ," ಎಂದಳು.

ಆ ದಿನ ಸಿದ್ರಾಮನಿಗೆ ಸಿಕ್ಕ ಮೊದಲ ಸಲಹೆ ಇದು. ಸರಿಯಾದ ಸಲಹೆಯೂ ಇದೇ. ಆದರೆ ಹೆಂಡತಿ ಹೇಳಿದ್ದು, ಅದೂ ಇಷ್ಟು ಸುಲಭವಾಗಿ ಹೇಳಿದ್ದು, ಎಂಬ ಕಾರಣಕ್ಕೆ ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಟೋದಲ್ಲಿ ಹೋಗಲು ಅವನಿಗೆ ಮನಸ್ಸು ಬಾರದ್ದಕ್ಕೂ ಒಂದು ಕಾರಣವಿತ್ತು. ಸಿದ್ರಾಮ ಇಂಡಿ ತಾಲ್ಲೂಕಿನವನು, ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಮಷಿನ್ ನಡೆಸುವವನು. ಅವ್ವ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ, ಮೀಸೆ ಬರುವ ತನಕ ತಲೆಗೆ ಎಣ್ಣೆ ಹಚ್ಚಿ ಬೆಳೆಸಿದವಳು ಅಕ್ಕ ಮಲಕವ್ವ. ಮೂರು ವರ್ಷದ ಹಿಂದೆ ಅಕ್ಕನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ ಅಕ್ಕನ ಗಂಡ ಇರಣ್ಣ ಮಾವ ನಾಲ್ಕು ಜನರ ಮುಂದೆ, "ಒಂಬತ್ತು ವರ್ಷಾತು, ಬೆಂಗಳೂರಾಗ ದುಡಿಯಾಕತ್ತಾನ. ಒಂದು ಸೈಕಲ್ಲರ ತಗೊಂಡಾನೇನು ಕೇಳ್ರಿ ನಮ್ಮ ಅಳಿಯಾನ್ನ," ಎಂದು ನಕ್ಕಿದ್ದ. ನಗೆಚಾಟಿಕೆಯ ಮಾತು. ಸಿದ್ರಾಮನಿಗೆ ಅದು ಮೆಣಸಿನಕಾಯಿ ಕಣ್ಣಿಗೆ ಸಿಡಿದಂತಾಯಿತು. ಉಣ್ಣುವುದನ್ನು ಅರ್ಧಕ್ಕೆ ಬಿಟ್ಟು, ಸಾರಿನ ಕೈಯಲ್ಲೇ ಎದ್ದು ಹೊರಟುಬಿಟ್ಟ. ಅಕ್ಕ ಹೊಸ್ತಿಲಲ್ಲಿ ನಿಂತು, "ಎಡಿ ಮುಂದ ಕುಂತಾಂವ ಎದ್ದು ಹೊಂಟಿಯಲ್ಲ, ಮತ್ತ ಈ ಮನಿಗೆ ಬರಬ್ಯಾಡ," ಎಂದಳು. ಅವಳು ಅದನ್ನು ಅಳುತ್ತಾ ಹೇಳಿದ್ದಳು. ಅಳುವನ್ನು ಅಲ್ಲೇ ಬಿಟ್ಟು ಬರೀ ಮಾತನ್ನು ಮಾತ್ರ ಹೊತ್ತುಕೊಂಡು ಸಿದ್ರಾಮ ಬೆಂಗಳೂರಿಗೆ ಬಂದ. ಆಮೇಲೆ ಮೂರು ವರ್ಷ ಇಬ್ಬರೂ ಮಾತಾಡಿರಲಿಲ್ಲ.

ಕಳೆದ ವಾರ ಅಕ್ಕ ತಾನಾಗಿಯೇ ಫೋನು ಮಾಡಿದ್ದಳು.

"ಸಿದ್ದಾ, ಊರಿನ ಮಂದಿ ಕೂಡಿ ರಾಮೇಶ್ವರಕ್ಕ ಹೊಂಟೀವಿ. ಐತಾರ ಮುಂಜಾನೆ ಒಂಬತ್ತೂವರಿಗೆ ಯಶವಂತಪುರದಾಗ ಇಳಿತೀವಿ. ಮುಂದಿನ ಗಾಡಿ ಮಧ್ಯಾಹ್ನ ಒಂದಕ್ಕ. ನಡುವ ಟೈಮ್ ಐತಿ. ನಿನ್ನ ಮಾರಿ ನೋಡಿ ಹೋಗ್ತೀನಿ."

"ಮಾರಿ ನೋಡೂದೇನು, ಮನಿಗೆ ಬಾ ಅಕ್ಕಾ. ಉಂಡು ಹೋಗುವಂತಿ. ನಾನಾ ಗಾಡಿ ತಗೊಂಡು ಬರ್ತೀನಿ."

"ಯಾವ ಗಾಡಿ?"

"ಕರೆಂಟಿಂದು. ತಗೊಂಡು ನಾಕು ತಿಂಗಳಾತು."

"ಹೌದಾ! ತಡಿ, ನಿಮ್ಮ ಮಾವಗ ಹೇಳ್ತೀನಿ. ಅವರೂ ಬರಾಕತ್ತಾರ. ಸಾಮಾನು ಕಾಯ್ಕೊಂತ ಸ್ಟೇಷನ್ನಿನಾಗ ಕುಂದರ್ತಾರ, ನಾ ನಿನ್ನ ಗಾಡಿ ಮ್ಯಾಲ ಬರ್ತೀನಿ."

ಹೀಗಾಗಿ ಆ ಸ್ಕೂಟರು ಬರೀ ಸ್ಕೂಟರಾಗಿ ಉಳಿದಿರಲಿಲ್ಲ. ಇರಣ್ಣ ಮಾವನ ಕಣ್ಣೆದುರು ಅಕ್ಕನನ್ನು ಹಿಂದೆ ಕೂರಿಸಿಕೊಂಡು ಸದ್ದಿಲ್ಲದೆ ಹೊರಡುವ ಆ ಒಂದು ಕ್ಷಣಕ್ಕಾಗಿ ಸಿದ್ರಾಮ ವಾರವಿಡೀ ಮಷಿನ್ನಿನ ಮುಂದೆ ಒಬ್ಬನೇ ಮುಗುಳ್ನಗುತ್ತಿದ್ದ.

ಲಗ್ಗೆರೆಯ ಆ ವಠಾರದಲ್ಲಿ ಎಂಟು ಬಾಡಿಗೆ ಮನೆಗಳು. ಒಂದು ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಆಂಜಿನಪ್ಪನೇ ಈಗ ಅದರ ಯಜಮಾನ. ಕಾಫಿ ಲೋಟ ಹಿಡಿದು ಹೊರಗೆ ಬಂದವನು ಸಿದ್ರಾಮನನ್ನು ಕಂಡು ನಿಂತ.

"ಏನ್ ಸಿದ್ರಾಮ, ಗಾಡಿ ಮುಂದೆ ಇಂಗೆ ಕೈ ಕಟ್ಕೊಂಡ್ ನಿಂತಿದ್ದೀಯ? ವರ ಕೇಳ್ತಿದ್ದೀಯಾ?"

"ರಾತ್ರಿಯೆಲ್ಲ ಹಾಕೀನ್ರಿ ಯಜಮಾನ್ರ, ಒಂದು ಪರ್ಸೆಂಟೂ ಏರಿಲ್ಲ."

ಆಂಜಿನಪ್ಪ ಬಗ್ಗಿ ಚಾರ್ಜರನ್ನು ಮುಟ್ಟಿ ನೋಡಿದ. "ತಣ್ಣಗೈತಲ್ಲಪ್ಪ ಇದು, ಕುಂಬಳಕಾಯಿ ಇದ್ದಂಗೆ!"

ಸಿದ್ರಾಮನೂ ಬಗ್ಗಿ ಮುಟ್ಟಿ ನೋಡಿದ. ಸ್ಕೂಟರು ಸೆಕೆಂಡ್ ಹ್ಯಾಂಡ್. ಚಾರ್ಜರಿನ ದೀಪ ಅವನ ಕೈಗೆ ಬರುವ ಮೊದಲೇ ಸತ್ತುಹೋಗಿತ್ತು. ಮಗುವಿನ ಜ್ವರ ನೋಡುವ ಹಾಗೆ ಚಾರ್ಜರಿನ ಮೇಲೆ ಅಂಗೈ ಇಟ್ಟು, ಬಿಸಿಯಿದ್ದರೆ ಕರೆಂಟು ಹೋಗುತ್ತಿದೆ ಎಂದು ಅವನು ತಿಳಿಯುತ್ತಿದ್ದ. ಈಗ ಅದು ತಣ್ಣಗಿದೆ ಎಂದರೆ ಕರೆಂಟು ಹೋಗುತ್ತಿಲ್ಲ ಎಂದೇ ಅರ್ಥ.

ಒಳಗಿನಿಂದ ಆಂಜಿನಪ್ಪನ ಹೆಂಡತಿ ಭಾಗ್ಯಮ್ಮ, "ನಿನ್ನೆ ಎಂಟೂಕಾಲಕ್ಕೆ ಪಟ್ ಅಂತ ಕರೆಂಟ್ ಓಗಿ ಬಂತಲ್ಲ, ಆಗ್ಲೇ ಏನೋ ಆಗೈತೆ. ನನ್ ಸೀರಿಯಲ್ಲೂ ಓಯ್ತು," ಎಂದಳು. ಸೀರಿಯಲ್ಲಿನ ಮಾತು ಬಂದದ್ದರಿಂದ ಯಾರೂ ಅವಳ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಮಹಡಿ ಮೇಲಿನ ಶ್ರೀಧರ್ ಇಳಿದು ಬಂದ. ಶ್ರೀಧರ್ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದವನು, ಒಂದು ಫ್ಯಾಕ್ಟರಿಯ ಮೇಂಟೆನೆನ್ಸ್ ಸೂಪರ್‌ವೈಸರ್. ಬನಿಯನ್ನಿನಲ್ಲಿದ್ದಾಗಲೂ ಕಿವಿಗೊಂದು ಪೆನ್ನು ಸಿಕ್ಕಿಸಿಕೊಂಡೇ ಇರುವವನು.

"ಟೆನ್ಷನ್ ಬೇಡ ಸಿದ್ರಾಮಣ್ಣ, ಸಿಂಪಲ್ ಲೆಕ್ಕ," ಎಂದು ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಬೆನ್ನ ಮೇಲೆ ಬರೆಯತೊಡಗಿದ. "ನಿಮ್ ಬ್ಯಾಟರಿ ಹಿಡಿಯೋದು ಎರಡು ಯೂನಿಟ್, ಅಂದ್ರೆ ಎರಡು ಸಾವಿರ. ಚಾರ್ಜರ್ ಗಂಟೆಗೆ ಕೊಡೋದು ನಾನ್ನೂರು ವ್ಯಾಟ್. ಎರಡು ಸಾವಿರಾನ ನಾನ್ನೂರರಿಂದ ಭಾಗಿಸಿದ್ರೆ ಐದು ಗಂಟೆ. ನಡುವೆ ಸೋರಿಹೋಗೋದು ಸೇರಿಸಿದ್ರೆ ಐದೂವರೆ. ಈಗ ನಿಮಗೆ ಬೇಕಾಗಿರೋದೆಷ್ಟು? ಯಶವಂತಪುರಕ್ಕೆ ಆರು ಕಿಲೋಮೀಟರ್. ಕರ್ಕೊಂಡು ಬಂದು, ಮತ್ತೆ ಬಿಟ್ಟು ಬರೋಕೆ ಒಟ್ಟು ಇಪ್ಪತ್ನಾಲ್ಕು. ಅದಕ್ಕೆ ಮೂವತ್ತೇಳು ಪರ್ಸೆಂಟ್ ಬೇಕು. ಹನ್ನೆರಡು ಇದೆ. ಇನ್ನು ಇಪ್ಪತ್ತೈದು. ಅಂದ್ರೆ ಒಂದು ಗಂಟೆ ಇಪ್ಪತ್ತೆರಡು ನಿಮಿಷ!"

ಇಪ್ಪತ್ತೆರಡು ನಿಮಿಷ ಎಂಬ ಆ ಕೊನೆಯ ಚೂರೇ ಸಿದ್ರಾಮನನ್ನು ಕೆಡಿಸಿದ್ದು. ಒಂದೂವರೆ ಗಂಟೆ ಎಂದಿದ್ದರೆ ಅವನು ಅನುಮಾನ ಪಡುತ್ತಿದ್ದನೇನೋ. ಇಪ್ಪತ್ತೆರಡು ಎಂದಾಗ ಶಾಸ್ತ್ರಿಗಳು ಮುಹೂರ್ತ ಬರೆದುಕೊಟ್ಟಷ್ಟು ಧೈರ್ಯ ಬಂತು. ಪಿನ್ನು ಕಿತ್ತು ಮತ್ತೆ ಚುಚ್ಚಿ ಸ್ನಾನಕ್ಕೆ ಹೋದ.

ಏಳೂವರೆಗೆ ಮೀಟರು ನೋಡಿದರೆ ಹನ್ನೆರಡು.

"ಸಾಕೆಟ್ ಪ್ರಾಬ್ಲಂ," ಎಂದ ಶ್ರೀಧರ್. "ನಮ್ಮನೆ ಸಾಕೆಟ್ಟಾ? ನಾನ್ ನಿಂತು ಆಕ್ಸಿರೋದು," ಎಂದು ಆಂಜಿನಪ್ಪ ಸಿಟ್ಟಾದ. ಕೊನೆಗೆ ಪರೀಕ್ಷೆಗೆಂದು ಗಾಡಿಯನ್ನು ಆಂಜಿನಪ್ಪನ ಮನೆಯ ಸಾಕೆಟ್ಟಿಗೇ ಹಾಕುವುದೆಂದಾಯಿತು. ಬ್ಯಾಟರಿ ಬಿಚ್ಚಿ ಒಯ್ಯಲು ಬರುವಂತಿರಲಿಲ್ಲ. ಹಾಗಾಗಿ ಮೂರು ಮೆಟ್ಟಿಲ ಮೇಲೆ ಇಡೀ ಸ್ಕೂಟರನ್ನೇ ಹೊರಬೇಕಾಯಿತು. ಸಿದ್ರಾಮ ಮುಂದೆ, ಶ್ರೀಧರ್ ಹಿಂದೆ, ಆಂಜಿನಪ್ಪ ಪಕ್ಕದಲ್ಲಿ ಕಾಫಿ ಲೋಟದೊಂದಿಗೆ. ಭಾಗ್ಯಮ್ಮ ಆಗಷ್ಟೇ ಬಿಟ್ಟಿದ್ದ ರಂಗೋಲಿ ಮುಂದಿನ ಚಕ್ರಕ್ಕೆ ಹತ್ತಿಕೊಂಡು ನಡುಮನೆಯ ತನಕ ಬಂತು. ಫ್ರಿಜ್ಜಿನ ಪಿನ್ನು ಕಿತ್ತು ಚಾರ್ಜರನ್ನು ಚುಚ್ಚಿದರು.

"ಫ್ರಿಜ್ಜಲ್ಲಿರೋ ಆಲು ಒಡೆದ್ರೆ ನಾನ್ ಕೇಳೋಳಲ್ಲ," ಎಂದಳು ಭಾಗ್ಯಮ್ಮ.

"ಒಂದ್ ಗಂಟೇಲಿ ಏನಾಯ್ತದೆ? ಅವರಕ್ಕ ಬತ್ತಾವ್ರೆ ಮೂರು ವರ್ಸ ಆದ್ಮೇಲೆ," ಎಂದ ಆಂಜಿನಪ್ಪ. ಅಕ್ಕನ ಸುದ್ದಿ ವಠಾರಕ್ಕೆಲ್ಲ ಹೇಗೆ ಗೊತ್ತಾಯಿತೆಂದು ಸಿದ್ರಾಮ ಸವಿತಾಳ ಕಡೆ ನೋಡಿದ. ಸವಿತಾ ಕಣಕ ನಾದುವ ಕಡೆ ನೋಡಿದಳು.

ಎಂಟೂವರೆ. ಹನ್ನೆರಡು. ಚಾರ್ಜರು ತಣ್ಣಗೆ.

ಈ ಸಲ ಆಂಜಿನಪ್ಪನೇ ಕಾರಣ ಕಂಡುಹಿಡಿದ. "ನೋಡು, ಕರೆಂಟ್ ಅಂದ್ರೆ ನೀರಿದ್ದಂಗೆ. ಪಂಪ್‌ಸೆಟ್ ಕಾಲದಿಂದ ಕಂಡಿವ್ನಿ. ಎಲ್ರೂ ನಲ್ಲಿ ಬಿಟ್ಕೊಂಡ್ರೆ ಕೊನೇ ಮನೆಗೆ ಬರಾಕಿಲ್ಲ. ಭಾನುವಾರ ಬೇರೆ, ಎಂಟು ಮನೇಲೂ ಟೀವಿ, ಮಿಕ್ಸಿ, ಬಿಸಿನೀರು ಕಾಯಿಲ್ಲು. ನಿನ್ ಗಾಡಿಗೆಲ್ಲಿಂದ ಬರ್ಬೇಕು?"

ಶ್ರೀಧರ್ ಹಾಗಲ್ಲ ಎನ್ನಲು ಬಾಯಿ ತೆರೆದ. ತಾನು ಅವನ ಬಾಡಿಗೆ ಮನೆಯಲ್ಲಿರುವವನು ಎಂಬುದು ನೆನಪಾಗಿ, "ವೋಲ್ಟೇಜ್ ಡ್ರಾಪ್ ಇರಬಹುದು," ಎಂದು ಬಾಯಿ ಮುಚ್ಚಿದ. ಆಂಜಿನಪ್ಪ ಮೇನ್ ಸ್ವಿಚ್ಚುಗಳ ಪೆಟ್ಟಿಗೆ ತೆಗೆದು, ತನ್ನ ಮನೆಯದೊಂದನ್ನು ಬಿಟ್ಟು, ಎಂಟೂ ಬಾಡಿಗೆ ಮನೆಗಳ ಕರೆಂಟನ್ನು ಒಂದರ ಹಿಂದೊಂದರಂತೆ ಇಳಿಸಿದ. ವಠಾರ ಒಮ್ಮೆಲೇ ಸ್ತಬ್ಧವಾಯಿತು. ಮರುಕ್ಷಣ ಎಲ್ಲ ಬಾಗಿಲುಗಳೂ ತೆರೆದುಕೊಂಡವು. ಮೂರನೇ ಮನೆಯ ಮಲಕಪ್ಪ ಮೈತುಂಬ ಸೋಪಿನ ನೊರೆಯೊಂದಿಗೆ, ಸೊಂಟಕ್ಕೆ ಟವೆಲು ಸುತ್ತಿಕೊಂಡು, ಕಣ್ಣು ಬಿಡಲಾಗದೆ ಗೋಡೆ ತಡವುತ್ತ ಬಂದು, "ಯಾರ್ರೀ ಅದು ಕರೆಂಟ್ ತಗದಾರ? ನೀರು ಇನ್ನಾ ತಣ್ಣಗೈತಿ!" ಎಂದ.

"ಸಿದ್ರಾಮನ ಅಕ್ಕ ಬತ್ತಾವ್ರೆ," ಎಂದ ಆಂಜಿನಪ್ಪ.

"ಬರ್ಲಿ ಬಿಡ್ರಿ. ನಾ ಹಿಂಗಾ ನಿಂತಿರಲೇನು?"

ಕರೆಂಟಿಲ್ಲದೆ ಮನೆಯೊಳಗೆ ಕೆಲಸವಿಲ್ಲದ ಜನ ಒಬ್ಬೊಬ್ಬರೇ ಆಂಜಿನಪ್ಪನ ನಡುಮನೆಗೆ ಬಂದು ಸ್ಕೂಟರಿನ ಸುತ್ತ ನೆರೆದರು. ಕ್ರಿಕೆಟ್ ಸ್ಕೋರು ಕೇಳುವಂತೆ, "ಎಷ್ಟಾಯ್ತು?" ಎಂದು ಹಿಂದಿನವರು ಕೇಳುವುದು, "ಹನ್ನೆರಡು," ಎಂದು ಮುಂದಿನವರು ಹೇಳುವುದು. ಮೊಬೈಲಾದರೆ ಇಷ್ಟೊತ್ತಿಗೆ ಎರಡು ಸಲ ತುಂಬುತ್ತಿತ್ತು ಎಂದ ಒಬ್ಬ. ಚಾರ್ಜರಿಗೆ ಬಿಸಿಲು ತಾಗಿಸಿದರೆ ಚುರುಕಾಗುತ್ತದೆ ಎಂದ ಇನ್ನೊಬ್ಬ. ಅದನ್ನೂ ಮಾಡಿದರು. ಚಾರ್ಜರು ಬಿಸಿಯಾಯಿತು, ಮೀಟರು ಹನ್ನೆರಡರಲ್ಲೇ ಉಳಿಯಿತು.

ಒಂಬತ್ತೂ ಮೂವತ್ತೈದಕ್ಕೆ ಸಿದ್ರಾಮನ ಫೋನು ಹೊಡೆದುಕೊಂಡಿತು.

"ಸಿದ್ದಾ, ಇಳಿದ್ವಿ ನೋಡಪಾ. ಹೊರಗ ಗಿಡದ ಕೆಳಗ ಕುಂತೀವಿ. ಎಲ್ಲಿ ಅದಿ?"

ಸಿದ್ರಾಮ ಶ್ರೀಧರನ ಮುಖ ನೋಡಿದ. ಶ್ರೀಧರ್ ಮೂರು ಬೆರಳೆತ್ತಿ, ಸೊನ್ನೆ ಸುತ್ತಿ, ಮೂವತ್ತು ಎಂದು ತೋರಿಸಿದ.

"ಅರ್ಧಾ ತಾಸು ಅಕ್ಕಾ. ಗಾಡಿ ಚಾರ್ಜ್ ಆಗಾಕತ್ತೈತಿ."

"ಆಗ್ಲಿ ಆಗ್ಲಿ, ಅವಸರ ಮಾಡಬ್ಯಾಡ. ಹುಷಾರಿಲೆ ಬಾ," ಎಂದಳು ಅಕ್ಕ. ಮೂರು ವರ್ಷದ ಮುನಿಸು ಆ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ.

ಹತ್ತು ಗಂಟೆಗೆ ಸವಿತಾ ಸೀರೆಯ ಸೆರಗಿಗೆ ಕೈ ಒರೆಸುತ್ತ ಹೊರಬಂದು, "ನಾನಾ ಬಸ್ಸಿಗೆ ಹೋಗಿ ಕರ್ಕೊಂಡು ಬರ್ತೀನ್ರಿ. ಪಾಪ, ಎಷ್ಟೊತ್ತು ಕುಂದರಬೇಕು ಅವರು?" ಎಂದಳು.

"ನೀ ಬಸ್ಸಿಗೆ ಹೋಗಿ ಅವರ ಮುಂದ ನಿಂತ್ರ ಮಾವ ಏನಂತಾನ ಗೊತ್ತೈತೇನು? ಗಾಡಿ ಐತಿ ಅಂದದ್ದು ಸುಳ್ಳು ಅಂತಾನ. ಇನ್ನೇನ ಆತು ತಡಿ."

ಹತ್ತೂ ಇಪ್ಪತ್ತಕ್ಕೆ ಮತ್ತೆ ಫೋನು. "ಇನ್ನ ಎಷ್ಟೊತ್ತ ಹತ್ತತೈತೋ ತಮ್ಮಾ?"

ಸಿದ್ರಾಮ ಫೋನಿಗೆ ಅಂಗೈ ಅಡ್ಡ ಹಿಡಿದು ಶ್ರೀಧರನಿಗೆ ಅದೇ ಪ್ರಶ್ನೆ ಕೇಳಿದ. ಕ್ಯಾಲೆಂಡರ್ ಹಾಳೆ ಅಷ್ಟರಲ್ಲಿ ತುಂಬಿಹೋಗಿತ್ತು. ಶ್ರೀಧರ್ ಪೆನ್ನನ್ನು ಕಿವಿಗೆ ಸಿಕ್ಕಿಸಿ ಸೋತವನಂತೆ ನಿಂತ. "ಸಿದ್ರಾಮಣ್ಣ, ನಾಲ್ಕು ಗಂಟೇಲಿ ಏರಿರೋದು ಸೊನ್ನೆ. ಸೊನ್ನೆಯಿಂದ ಭಾಗಿಸೋಕೆ ಬರಲ್ಲ. ಲೆಕ್ಕದ ಪ್ರಕಾರ ಇನ್ಫಿನಿಟಿ ಆಗುತ್ತೆ."

"ಅಂದ್ರ ಎಷ್ಟು ತಾಸು?"

"ಮುಗಿಯೋದೇ ಇಲ್ಲ ಅಂತ."

ಸಿದ್ರಾಮ ಫೋನಿನ ಮೇಲಿನ ಅಂಗೈ ತೆಗೆದು, "ಅರ್ಧಾ ತಾಸು ಅಕ್ಕಾ," ಎಂದ.

ಇನ್ನು ಉಳಿದಿದ್ದ ದಾರಿ ಮುಖ್ಯರಸ್ತೆಯ ಬ್ಯಾಟರಿ ಅಂಗಡಿಯ ಮುನಿಯಣ್ಣ. ಆಂಜಿನಪ್ಪ ಫೋನು ಹಚ್ಚಿದರೆ ಮುನಿಯಣ್ಣ ಯಾರದೋ ಮದುವೆಯಲ್ಲಿದ್ದ; ಊಟ ಮುಗಿಸಿ ಅಂಗಡಿ ತೆಗೆಯುವುದು ಮಧ್ಯಾಹ್ನದ ಮೇಲೆಯೇ ಎಂದ. ಗಂಟೆ ಹನ್ನೊಂದಾಯಿತು. ಎಂಟು ಮನೆಗಳ ಕರೆಂಟನ್ನು ಮತ್ತೆ ಏರಿಸಿ, ಗಾಡಿಯನ್ನು ಮೆಟ್ಟಿಲಿಳಿಸಿ ಅಂಗಳಕ್ಕೆ ತಂದರು. ಅಕ್ಕನನ್ನು ಮನೆಗೆ ಕರೆತಂದು ಉಣಿಸಿ ಕಳಿಸುವ ಹೊತ್ತು ಮೀರುತ್ತ ಬಂದಿತ್ತು. ಸವಿತಾ ಹೋಳಿಗೆ, ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ ಎಲ್ಲವನ್ನೂ ಟಿಫಿನ್ ಕ್ಯಾರಿಯರಿಗೆ ತುಂಬಿ ತಂದು ಸ್ಕೂಟರಿನ ಕೊಕ್ಕೆಗೆ ನೇತುಹಾಕಿದಳು.

"ಇಷ್ಟಾದ್ರೂ ಮುಟ್ಟಸ್ರಿ."

ಸಿದ್ರಾಮ ಗಾಡಿ ಏರಲು ಹೋದಾಗ ಶ್ರೀಧರ್ ಹ್ಯಾಂಡಲ್ ಹಿಡಿದುಕೊಂಡ. "ಒಂದ್ನಿಮಿಷ. ಹನ್ನೆರಡು ಪರ್ಸೆಂಟ್ ಅಂದ್ರೆ ಏಳೂವರೆ ಕಿಲೋಮೀಟರ್. ಹತ್ತಿಕೊಂಡು ಹೋದ್ರೆ ಅಲ್ಲಿಗೆ ಹೋಗೋಷ್ಟರಲ್ಲೇ ಮುಗಿಯುತ್ತೆ. ನಿಮ್ಮಕ್ಕನ್ನ ಒಂದು ಸುತ್ತು ಕೂರಿಸೋಕೂ ಉಳಿಯಲ್ಲ. ನನ್ ಮಾತು ಕೇಳಿ. ಹೋಗೋವಾಗ ತಳ್ಕೊಂಡು ಹೋಗಿ, ಅಷ್ಟೂ ಚಾರ್ಜನ್ನ ಅಕ್ಕನಿಗೆ ಅಂತ ಉಳಿಸಿ."

ಹಿಂದೊಮ್ಮೆ ರಿಂಗ್ ರೋಡಿನ ನಡುವೆ ಚಾರ್ಜು ಮುಗಿದು, ಹಿಂದಿನ ಲಾರಿಯವನಿಂದ ವಂಶವೆಲ್ಲ ಬೈಸಿಕೊಂಡದ್ದು ಸಿದ್ರಾಮನಿಗೆ ನೆನಪಾಯಿತು. ಮಾವನೆದುರು ಹಾಗಾದರೆ? ಮಾತು ಸರಿ ಎನಿಸಿತು. ಪ್ಯಾಂಟು ಮಡಚಿ, ನೂರು ಕೆಜಿಯ ಗಾಡಿಯನ್ನು ತಳ್ಳತೊಡಗಿದ.

ಇಳಿಜಾರಿನಲ್ಲಿ ಗಾಡಿ ಅವನನ್ನು ಎಳೆಯಿತು, ಏರಿನಲ್ಲಿ ಅವನು ಗಾಡಿಯನ್ನು ಎಳೆದ. ಬಿಸಿಲು ನೆತ್ತಿಗೇರಿತ್ತು. ಕ್ಯಾರಿಯರ್ ಮೊಣಕಾಲಿಗೆ ಠಣ್ ಠಣ್ ಎಂದು ಬಡಿಯುತ್ತಿತ್ತು. ರಿಂಗ್ ರೋಡಿನಲ್ಲಿ ಬೈಕಿನವನೊಬ್ಬ ನಿಧಾನಿಸಿ ಕೇಳಿದ:

"ಪೆಟ್ರೋಲ್ ಖಾಲಿನಾ ಅಣ್ಣ?"

"ಕರೆಂಟ್ ಗಾಡಿರಿ."

"ಓ, ಚಾರ್ಜ್ ಖಾಲಿನಾ?"

"ಇಲ್ರಿ, ಐತ್ರಿ. ಉಳಿಸಾಕತ್ತೀನಿ."

ಬೈಕಿನವನು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ವೇಗ ಹೆಚ್ಚಿಸಿಕೊಂಡು ಹೊರಟುಹೋದ.

ಗೊರಗುಂಟೆಪಾಳ್ಯದ ಸಿಗ್ನಲ್ಲಿಗೆ ಬರುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು, ಗಂಟೆ ಹನ್ನೆರಡು ದಾಟಿತ್ತು. ಅಕ್ಕನ ಫೋನು ಎರಡು ಸಲ ಬಂತು. ಹ್ಯಾಂಡಲ್ ಬಿಟ್ಟರೆ ಗಾಡಿ ಉರುಳುತ್ತದೆ, ಹಿಂದಿನಿಂದ ಹಾರ್ನು ಬೇರೆ, ಎತ್ತಲಾಗಲಿಲ್ಲ. ಇನ್ನೇನು ಬಂದೇಬಿಟ್ಟೆನಲ್ಲ, ಎದುರಿಗೇ ಮಾತಾಡೋಣ ಎಂದುಕೊಂಡು ತಳ್ಳಿದ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಮಾತನ್ನು ಉರುಹೊಡೆಯುತ್ತಿದ್ದ. 'ಅವತ್ತು ಎಡಿ ಮುಂದಿಂದ ಎದ್ದು ಹೋದದ್ದು ತಪ್ಪಾತಕ್ಕಾ' ಎಂದು ಗಾಡಿಯ ಮೇಲೆ ಕೂರಿಸಿಕೊಂಡೇ ಹೇಳಬೇಕು, ಮುಖ ಮುಖ ನೋಡಿಕೊಂಡು ಹೇಳಲು ತನ್ನಿಂದಾಗದು, ಗಾಡಿ ಓಡಿಸುತ್ತಾ ಹೇಳಿದರೆ ಸುಲಭ.

ಸ್ಟೇಷನ್ನಿನ ಹೊರಗೆ ಗಾಡಿ ನಿಲ್ಲಿಸಿ, ಕ್ಯಾರಿಯರ್ ಹಿಡಿದು ಓಡಿದಾಗ ಒಂದಕ್ಕೆ ನಾಲ್ಕು ನಿಮಿಷ. ಯಾವ ಪ್ಲಾಟ್‌ಫಾರ್ಮು ಎಂದು ಕೇಳುವುದಕ್ಕೆ ಎರಡು ನಿಮಿಷ ಹೋಯಿತು, ಮೇಲ್ಸೇತುವೆಯ ಮೆಟ್ಟಿಲು ಹತ್ತುವುದಕ್ಕೆ ಇನ್ನೆರಡು. ಸೇತುವೆಯ ನಡುಮಧ್ಯದಲ್ಲಿ ಅವನಿದ್ದಾಗ ಕೆಳಗೆ ರೈಲು ಹೊರಟಿತು. ಒಂದೊಂದೇ ಡಬ್ಬಿ ಅವನ ಕಾಲ ಕೆಳಗಿನಿಂದ ಸರಿದುಹೋಯಿತು. ಯಾವುದರಲ್ಲಿ ಅಕ್ಕ ಇದ್ದಳೋ. ಮೇಲಿನಿಂದ ಬರೀ ಚಾವಣಿ ಕಾಣಿಸುತ್ತದೆ.

ಫೋನು ಮಾಡಿದ. ಅವಳು ಎತ್ತಲಿಲ್ಲ.

ಹೊರಗೆ ಮರದ ಕೆಳಗೆ ಹಾಸಿದ್ದ ಪೇಪರುಗಳು ಇನ್ನೂ ಅಲ್ಲೇ ಬಿದ್ದಿದ್ದವು. 'ಮಾರಿ ನೋಡಿ ಹೋಗ್ತೀನಿ' ಎಂದವಳಿಗೆ ಆ ಮುಖವನ್ನೂ ತೋರಿಸದೆ ಹೋದೆನಲ್ಲ ಎಂದು ಅವನು ಅಲ್ಲೇ ಕುಕ್ಕರಿಸಿದ. ಪಕ್ಕದಲ್ಲಿ ಟೀ ಮಾರುತ್ತಿದ್ದ ಹೆಂಗಸು ಅವನ ಅವಸ್ಥೆ ನೋಡಿ, "ಯಾತ್ರೆಯೋರನ್ನ ಹುಡುಕ್ತಾ ಇದ್ದೀರಾ ಅಣ್ಣ? ಈಗ ಹೋದ್ರು," ಎಂದಳು. "ಒಬ್ರು ಅಮ್ಮ ಮಾತ್ರ ಕೂತಲ್ಲಿ ಕೂರ್ಲೇ ಇಲ್ಲ. ಐದೈದು ನಿಮಿಷಕ್ಕೆ ಎದ್ದು ರಸ್ತೆಗೆ ಹೋಗಿ ನೋಡೋರು. ಯಾಕಮ್ಮ ಅಂದ್ರೆ, ಕರೆಂಟ್ ಗಾಡಿ ಸದ್ದು ಮಾಡೂದಿಲ್ಲಂತ, ಬಂದ್ರೂ ಗೊತ್ತಾಗೂದಿಲ್ಲ ಅಂದ್ರು."

ಸಿದ್ರಾಮ ಟೀ ಕುಡಿಯದೆ ಎದ್ದ.

ಈಗ ಚಾರ್ಜು ಉಳಿಸಲು ಯಾವ ಕಾರಣವೂ ಇರಲಿಲ್ಲ. ಎಲ್ಲಿ ನಿಲ್ಲುತ್ತದೋ ಅಲ್ಲಿ ನಿಲ್ಲಲಿ ಎಂದು ಗಾಡಿ ಏರಿ ಹೊರಟ. ಗಾಡಿ ನಿಲ್ಲಲಿಲ್ಲ. ಗೊರಗುಂಟೆಪಾಳ್ಯ ದಾಟಿತು. ಏರಿನಲ್ಲೂ ಬಾಣದಂತೆ ನುಗ್ಗಿತು. ರಿಂಗ್ ರೋಡಿನಲ್ಲಿ ಮೀಟರು ನೋಡಿಕೊಂಡ. ಹನ್ನೆರಡು. ಆರು ಕಿಲೋಮೀಟರು ಓಡಿ ಲಗ್ಗೆರೆಯ ತಿರುವಿಗೆ ಬಂದಾಗಲೂ ಹನ್ನೆರಡು. ಮನೆಯ ಕಡೆ ತಿರುಗದೆ ಗಾಡಿಯನ್ನು ನೇರ ಮುನಿಯಣ್ಣನ ಅಂಗಡಿಗೆ ಬಿಟ್ಟ.

ಮುನಿಯಣ್ಣ ಮದುವೆ ಊಟ ಮುಗಿಸಿ, ಬಾಯಿತುಂಬ ಎಲೆಯಡಿಕೆಯೊಂದಿಗೆ ಅಂಗಡಿಯ ಷಟರ್ ಎತ್ತುತ್ತಿದ್ದ. ಸೀಟು ಎತ್ತಿ, ಬ್ಯಾಟರಿಗೆ ತನ್ನ ಪರೀಕ್ಷೆಯ ವೈರು ಹಿಡಿದು, ಕೈಯಲ್ಲಿದ್ದ ಯಂತ್ರ ನೋಡಿ ಹುಬ್ಬೇರಿಸಿದ.

"ಯಾರ್ ಗುರು ಚಾರ್ಜ್ ಇಲ್ಲ ಅಂದಿದ್ದು? ತುಂಬಿ ತುಳುಕ್ತಾ ಐತೆ."

"ಮೀಟರಿನಾಗ ಹನ್ನೆರಡಾ ಐತಲ್ರಿ."

"ಬ್ಯಾಟರಿ ಸರೀಗೈತೆ. ಮೀಟರ್ ನಿಂತೋಗೈತೆ. ಚಾರ್ಜಿಗೆ ಆಕಿದ್ ತಕ್ಷಣ ಕರೆಂಟ್ ಏನಾದ್ರೂ ಹೋಗಿ ಬಂದಿತ್ತಾ?"

"ಎಂಟೂಕಾಲಕ್ಕ ಹೋಗಿ ಬಂದಿತ್ತಂತ."

"ಅದೇ. ಆಗ ಹ್ಯಾಂಗ್ ಆಗೈತೆ." ಮುನಿಯಣ್ಣ ಒಂದು ವೈರು ಕಿತ್ತು, ಹತ್ತು ಎಣಿಸಿ, ಮತ್ತೆ ಸಿಕ್ಕಿಸಿದ. ಮೀಟರು ಕಣ್ಣು ಮಿಟುಕಿಸಿ ತೊಂಬತ್ತೊಂದು ಎಂದಿತು. "ನೋಡು. ರಾತ್ರಿ ಒಂದೂವರೆ ಎರಡು ಗಂಟೆಗೇ ಫುಲ್ ಆಗ್ಬಿಟ್ಟೈತೆ. ಫುಲ್ ಆದ್ಮೇಲೆ ಚಾರ್ಜರ್ ಕರೆಂಟ್ ಎಳೆಯಲ್ಲ, ತಣ್ಣಗಿರ್ತದೆ. ಬೆಳಿಗ್ಗೆ ಸುಮ್ನೆ ಹತ್ಕೊಂಡು ಓಗ್ಬೇಕಿತ್ತು ನೀನು."

ಸಿದ್ರಾಮ ಆ ತೊಂಬತ್ತೊಂದನ್ನು ನೋಡುತ್ತಾ ನಿಂತ. ಎಂಟು ಮನೆಯ ಕರೆಂಟು, ಭಾಗ್ಯಮ್ಮನ ಹಾಲು, ಮಲಕಪ್ಪನ ಸ್ನಾನ ಎಲ್ಲ ಅವನ ಕಣ್ಣ ಮುಂದೆ ಬಂದವು. ಒಂಬತ್ತೂ ಮೂವತ್ತಕ್ಕೆ ಸ್ಟೇಷನ್ನಿನ ಬಾಗಿಲಲ್ಲಿ ನಿಂತಿರಬಹುದಾಗಿದ್ದ ಇನ್ನೊಬ್ಬ ಸಿದ್ರಾಮನೂ ಬಂದ.

ಆಗ ಫೋನು ಬಂತು. ರೈಲಿನ ಗಡಗಡ ಸದ್ದಿನ ನಡುವೆ ಅಕ್ಕನ ದನಿ.

"ಫೋನ್ ಮಾಡಿದ್ದಿ ಏನು?"

"ಅಕ್ಕಾ, ಬಂದಿದ್ನಿ. ನಿಮ್ಮ ಗಾಡಿ ಬಿಟ್ಟಿತ್ತು. ಸೇತುವೆ ಮ್ಯಾಲಿದ್ನಿ."

"ಇರ್ಲಿ ಬಿಡಪಾ. ಹತ್ತು ಗಂಟೆಕ್ಕ ಇವರು ಆಟೋ ಮಾಡೂಣು, ಇಬ್ಬರೂ ಹೋಗಿ ಬರೂಣು ಅಂದ್ರು. ಆಟೋದವನೂ ಬಾರವ್ವಾ, ಲಗ್ಗೆರೆ ಇಲ್ಲೇ ಐತಿ ಅಂತ ನಾಕು ಸಲ ಕರದ. ನಾನಾ ಒಲ್ಲೆ ಅಂದೆ. ನಮ್ಮ ತಮ್ಮ ಗಾಡಿ ತರ್ತಾನ, ಆಟೋದಾಗ ಹೋದ್ರ ಅವಗ ಬ್ಯಾಸರಾಗತೈತಿ ಅಂದೆ."

ಸಿದ್ರಾಮನಿಗೆ ದಾರಿಯುದ್ದಕ್ಕೂ ಉರುಹೊಡೆದಿದ್ದ ಮಾತು ಮರೆತೇಹೋಯಿತು. ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ಬ್ಯಾಟರಿ ಫುಲ್ ಇತ್ತು. ರಾತ್ರಿನಾ ಫುಲ್ ಆಗಿತ್ತು. ಈಗ ಗೊತ್ತಾತು."

"ಫುಲ್ ಇತ್ತಾ?"

"ಹೂಂ."

"ಫುಲ್ ಇದ್ರ ಯಾಕ ಬರ್ಲಿಲ್ಲೋ?"

ಮೀಟರು, ಕರೆಂಟು, ತಣ್ಣಗಿನ ಚಾರ್ಜರು, ಸೊನ್ನೆಯ ಲೆಕ್ಕ ಎಲ್ಲವನ್ನೂ ಅವನು ಒಂದರ ಮೇಲೊಂದು ಹೇಳುತ್ತಾ ಹೋದ. ಹೇಳುತ್ತಾ ಹೋದಂತೆ ಅದು ತನ್ನ ಕಿವಿಗೇ ಶಾಲೆ ತಪ್ಪಿಸಿಕೊಂಡ ಹುಡುಗನ ನೆಪದಂತೆ ಕೇಳಿಸತೊಡಗಿತು. ಮುಗಿದ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು:

"ಸಿಟ್ಟಿದ್ರ ಸಿಟ್ಟೈತಿ ಅನ್ನು ತಮ್ಮಾ. ನಾ ಅವತ್ತು ಅನ್ನಬಾರದ ಮಾತು ಅಂದೀನಿ, ನನಗೂ ಗೊತ್ತೈತಿ. ಅದನ್ನ ಪಾಪ ಆ ಬ್ಯಾಟರಿ ಮ್ಯಾಲ ಯಾಕ ಹಾಕ್ತಿ?"

"ಅಲ್ಲಕ್ಕಾ, ನನ್ನ ಆಣಿ..."

"ಆಣಿ ಗೀಣಿ ಮಾಡಬ್ಯಾಡ. ಬರೂವಾಗ ನಾವು ಈ ಹಾದಿಲೆ ಬರೂದಿಲ್ಲ, ತಿರುಪತಿ ಮ್ಯಾಲಿಂದ ಊರಿಗೆ ಹೋಗ್ತೀವಿ. ನೀ ಆರಾಮ ಇರು."

ಮುನಿಯಣ್ಣ ಷಟರ್ ಪೂರ್ತಿ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಕೊಕ್ಕೆಯಲ್ಲಿ ಕ್ಯಾರಿಯರ್ ನೇತಾಡುತ್ತಿತ್ತು. ಬೆಳಗಿನಿಂದ ಸಿದ್ರಾಮನ ಹೊಟ್ಟೆಗೆ ಒಂದು ಗುಟುಕು ಚಹಾ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ.

ಫೋನು ಇಡುವ ಮುನ್ನ ಅಕ್ಕ ರೂಢಿಯಂತೆ ಕೇಳಿದಳು. "ಊಟ ಮಾಡೀಯೇನು?"

"ಮಾಡೀನಿ ಅಕ್ಕಾ."

"ಹೂಂ, ಚಲೋ ಆತು," ಎಂದಳು ಮಲಕವ್ವ. ತಮ್ಮ ಹೇಳಿದ ಅಷ್ಟೂ ನಿಜವನ್ನು ನಂಬದವಳು ಈ ಸುಳ್ಳನ್ನು ಮಾತ್ರ ಒಂದೇ ಮಾತಿಗೆ ನಂಬಿ, ಸಮಾಧಾನದಿಂದ ಫೋನಿಟ್ಟಳು.